ಅಪ್ಪ ತಂದ ಕಪ್ಪು ಮಣ್ಣು

ಜೂನ್ ಬಂತೆಂದರೆ ನನಗೀಗ ಮೈ ಭಾರ. ಮಳೆ ಹಿಡಿಯುವ ಮೊದಲು ಶಾಲೆ ಶುರುವಾಗುತ್ತದೆ, ಶಾಲೆ ಶುರುವಾಗುವ ಮೊದಲು ಮೀಟಿಂಗ್ ಶುರುವಾಗುತ್ತದೆ. ಈ ವರ್ಷವೂ ನಮ್ಮ ಹೆಡ್‌ಮಾಸ್ಟರು ಟೇಬಲ್ಲಿನ ಆ ಕಡೆಯಿಂದ ನಗುತ್ತಾ, ನಾಲ್ಕನೇ ಕ್ಲಾಸಿನ ವಿಜ್ಞಾನ ಮತ್ತು ಕೈತೋಟ ನಿಮಗೇ ಇರಲಿ ಮೇಡಂ, ನಿಮ್ಮ ಕೈಗುಣ ಚೆನ್ನಾಗಿದೆ ಎಂದರು. ಬೇರೆ ಯಾರೂ ಒಪ್ಪಲಿಲ್ಲ ಎನ್ನುವುದನ್ನು ನಮ್ಮಲ್ಲಿ ಹೀಗೆ ಹೇಳುತ್ತಾರೆ. ಶಿವಮೊಗ್ಗದ ದುರ್ಗಿಗುಡಿಯ ಮನೆಯಲ್ಲಿ ಬೆಳಿಗ್ಗೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಆಟೋ ಹಿಡಿದು ರಾಗಿಗುಡ್ಡದ ಪಕ್ಕದ ಶಾಲೆಗೆ ಹೋಗಿ, ಮಕ್ಕಳ ಜೊತೆ ಕುಕ್ಕರಗಾಲಲ್ಲಿ ಕೂತು ಪಾತಿ ಅಗೆಯುವ ವಯಸ್ಸು ನನ್ನದಲ್ಲ. ಅಗೆದದ್ದರ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಬೇಕು. ಮೊಳಕೆ ಬರದಿದ್ದರೂ ಯಾರೂ ಕೇಳುವುದಿಲ್ಲ, ಫೋಟೋ ಬರದಿದ್ದರೆ ಫೋನ್ ಬರುತ್ತದೆ. ಹೊಸದಾಗಿ ಸೇರಿದ ಆಲ್ಕೊಳದ ಹುಡುಗಿಯೊಬ್ಬಳು, ನನ್ನ ಮಗಳಿಗಿಂತ ಚಿಕ್ಕವಳು, ನಾನು ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ನೋಡುವುದನ್ನು ಕಂಡು, ಇದೆಲ್ಲ ಯಾರ ಹತ್ತಿರ ಕಲಿತ್ರಿ ಮೇಡಂ, ನಿಮ್ಮದು ಬೇಸಾಯದ ಮನೆಯಾ ಎಂದು ಕೇಳಿದಳು. ಇಲ್ಲಮ್ಮ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಮನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ವಿವರಿಸಲು ನನಗೂ ಅವತ್ತು ತ್ರಾಣ ಇರಲಿಲ್ಲ.

ಆ ಮನೆ ಸಾಲಿನ ಕೊನೆಯದು. ಎರಡು ಕೋಣೆ, ಹಿಂದೆ ಬಚ್ಚಲು, ಬಚ್ಚಲಿನ ಪಕ್ಕ ನಾಲ್ಕು ಹೆಜ್ಜೆಯ ಹಿತ್ತಲು. ಮುಂದಿನ ಕೋಣೆ ಹೆಸರಿಗೆ ಎಲ್ಲರದು, ನಿಜವಾಗಿ ಅಪ್ಪನ ನಿದ್ದೆಯದು. ಅವನಿಗೆ ವಾರ ವಾರ ಬದಲಾಗುವ ಶಿಫ್ಟು. ರಾತ್ರಿ ಶಿಫ್ಟಿನ ವಾರ ಬಂದರೆ ಹಗಲಿಡೀ ಆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ನಾನೂ ಅಮ್ಮನೂ ಅಡುಗೆಕೋಣೆಯಲ್ಲೇ ಬದುಕುತ್ತಿದ್ದೆವು. ಆ ವಾರ ಅಮ್ಮನ ಬೈಗುಳಗಳೆಲ್ಲ ಕೈಸನ್ನೆಯಲ್ಲಿ ಬರುತ್ತಿದ್ದವು. ತಟ್ಟೆ ಕೆಳಗೆ ಬಿದ್ದರೆ ಅವಳು ಕಣ್ಣಲ್ಲೇ ನನ್ನನ್ನು ಹೊಡೆದುಹಾಕುತ್ತಿದ್ದಳು. ಹಗಲು ಶಿಫ್ಟಿನ ವಾರ ಆ ಸಾಲವನ್ನೆಲ್ಲ ಬಡ್ಡಿ ಸಮೇತ ಬಾಯಲ್ಲಿ ತೀರಿಸುತ್ತಿದ್ದಳು. ನಮ್ಮ ಅಮ್ಮನ ಬಾಯಿ ಸಣ್ಣದಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಅಪ್ಪ ಅಂದರೆ ಅದು ಅವನ ತಾಯಿಯವರೆಗೂ ಹೋಗಿ ಬರುತ್ತಿತ್ತು. ಪಕ್ಕದ ಮನೆಯ ಬಾಷಾ ಸಾಬರು ಗೋಡೆಯ ಆ ಕಡೆಯಿಂದ, ಬಸ್ ಕರೋ ಅಕ್ಕಾ, ನಮ್ ಮನೆ ಹಾಲೂ ಒಡೆದೋಯ್ತು ಎಂದು ಕೂಗುತ್ತಿದ್ದರು. ಆಗ ಅಮ್ಮ ನಕ್ಕು ಸುಮ್ಮನಾಗುತ್ತಿದ್ದಳು.

ಅಪ್ಪ ಕಾರ್ಖಾನೆಯಲ್ಲಿ ಅಚ್ಚು ಮಾಡುವವನು. ಕಬ್ಬಿಣದ ವಸ್ತು ಯಾವ ಆಕಾರದಲ್ಲಿ ಬೇಕೋ ಆ ಆಕಾರದ ಗುಂಡಿಯನ್ನು ಮರಳಿನಲ್ಲಿ ಮಾಡುವುದು ಅವನ ಕೆಲಸ. ಆ ಗುಂಡಿಗೆ ಕಾದ ಕಬ್ಬಿಣದ ನೀರು ಹೊಯ್ಯುತ್ತಾರೆ. ಆರಿದ ಮೇಲೆ ಮರಳನ್ನು ಒಡೆದು ಕಬ್ಬಿಣ ತೆಗೆಯುತ್ತಾರೆ. ಅದೇ ಮರಳಿಗೆ ಮತ್ತೆ ಜೇಡಿ, ಕಲ್ಲಿದ್ದಲಿನ ಪುಡಿ, ನೀರು ಹಾಕಿ ಕಲಸಿ ಮತ್ತೆ ಅಚ್ಚು. ಹೀಗೆ ಸುಟ್ಟು ಸುಟ್ಟು ಅದು ಮಸಿಯಂತೆ ಕಪ್ಪಾಗಿರುತ್ತಿತ್ತು, ಹಿಟ್ಟಿನಂತೆ ನುಣ್ಣಗಿರುತ್ತಿತ್ತು. ಆ ಮರಳು ದಿನಾ ಅಪ್ಪನ ಜೊತೆ ನಮ್ಮ ಮನೆಗೂ ಬರುತ್ತಿತ್ತು. ಕಿವಿಯೊಳಗೆ, ಉಗುರಿನ ಸಂದಿಯಲ್ಲಿ, ಅಂಗಿಯ ಹೊಲಿಗೆಯಲ್ಲಿ, ಊಟದ ಕ್ಯಾರಿಯರಿನ ಕ್ಲಿಪ್ಪಿನಲ್ಲಿ. ಅಮ್ಮ ಅವನನ್ನು ಮುಂಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲ. ಸುತ್ತಿಕೊಂಡು ಹಿತ್ತಲಿಗೆ ಬರಬೇಕು, ಅಂಗಿ ಅಲ್ಲೇ ಬಿಚ್ಚಬೇಕು. ಅವಳು ಅದನ್ನು ಗೋಡೆಯ ಮೂಲೆಯಲ್ಲಿ ನಾಲ್ಕು ಸಲ ಒದರಿ ಆಮೇಲೆ ಬಕೆಟ್ಟಿಗೆ ಹಾಕುತ್ತಿದ್ದಳು. ಒಲೆಯ ಮೇಲೆ ನೀರು ಕಾದಿರುತ್ತಿತ್ತು. ಬಚ್ಚಲಿನಿಂದ ಮೊದಲು ಕಪ್ಪು ನೀರು, ಆಮೇಲೆ ಬೂದು ನೀರು, ಕೊನೆಗೆ ಸೋಪಿನ ನೀರು ಹರಿಯುತ್ತಿತ್ತು. ಇಷ್ಟಾದರೂ ರಾಗಿ ಮುದ್ದೆ ನುಂಗುವಾಗ ಹಲ್ಲಿಗೆ ಒಂದು ಕಣ ಸಿಕ್ಕುತ್ತಿತ್ತು. ಅದು ರಾಗಿಯ ಕಲ್ಲೋ ಕಾರ್ಖಾನೆಯ ಮರಳೋ ಎಂಬುದರ ಮೇಲೆ ಇನ್ನೊಂದು ಜಗಳ.

ಅಪ್ಪ ಹುಟ್ಟಿದ್ದು ಮಾತ್ರ ಬೇಸಾಯದ ಮನೆಯಲ್ಲೇ. ಭದ್ರಾ ನಾಲೆಯ ಕೆಳಗಿನ ಒಂದು ಹಳ್ಳಿ, ಭತ್ತದ ಗದ್ದೆ, ಸ್ವಲ್ಪ ಕಬ್ಬು. ಗದ್ದೆಯನ್ನು ದೊಡ್ಡಪ್ಪ ನೋಡಿಕೊಂಡರು, ಅಪ್ಪ ಕಾರ್ಖಾನೆಗೆ ಸೇರಿದ. ಇದರಲ್ಲಿ ಜಗಳವೇನೂ ಇರಲಿಲ್ಲ. ದೊಡ್ಡಪ್ಪ ಕೆಟ್ಟವರೂ ಅಲ್ಲ. ಹಬ್ಬಕ್ಕೆ ಮುಂಚೆ ಅಕ್ಕಿ, ಬೆಲ್ಲ, ಒಂದು ಗೊನೆ ಬಾಳೆಕಾಯಿ ಹೊತ್ತು ತರುತ್ತಿದ್ದರು. ಆದರೆ ಅವರಿಗೆ ಒಂದು ಚಟ. ಊಟ ಮುಗಿಸಿ ಕೈತೊಳೆಯಲು ಹಿತ್ತಲಿಗೆ ಹೋದಾಗ ಅಪ್ಪ ನೆಟ್ಟ ಒಣ ಕರಿಬೇವಿನ ಕಡ್ಡಿಯನ್ನೋ ಬಾಡಿದ ದಾಸವಾಳವನ್ನೋ ನೋಡಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಲೋ ರಂಗ, ನೀನು ಕೈ ಇಟ್ರೆ ಗರಿಕೆನೂ ಒಣಗುತ್ತಲ್ಲೋ! ನಿಂಗೆ ಕಬ್ಬಿಣನೇ ಸರಿ ಬಿಡು ಮಾರಾಯ."

ಅಪ್ಪನೂ ಜೊತೆಗೆ ನಗುತ್ತಿದ್ದ. ಅಣ್ಣನನ್ನು ಬಸ್ಸು ಹತ್ತಿಸಿ ಬಂದವನು ಆಮೇಲೆ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಅಮ್ಮ ಅವನಿಗೆ ಏನು ಬೇಕಾದರೂ ಅನ್ನುತ್ತಿದ್ದಳು, ಆ ಎರಡು ದಿನ ಮಾತ್ರ ಏನೂ ಅನ್ನುತ್ತಿರಲಿಲ್ಲ. ತನ್ನ ಕೈಯಿಂದ ಏನಾದರೂ ಹಸಿರು ಬೆಳೆದು ಅದನ್ನು ಅಣ್ಣ ನೋಡಬೇಕು ಎಂಬ ಆಸೆ ಅವನಿಗೆ ಎಷ್ಟಿತ್ತು ಎಂಬುದು ನನಗೆ ತಿಳಿದದ್ದು ನಾನು ನಾಲ್ಕನೇ ಕ್ಲಾಸಿಗೆ ಹೋದ ವರ್ಷ.

ಆ ಜೂನ್‌ನಲ್ಲಿ ನಮ್ಮ ಶಾಲೆಗೆ ವನಜಾಕ್ಷಿ ಟೀಚರ್ ಬಂದರು. ದಿನಾ ಶಿವಮೊಗ್ಗದಿಂದ ರೈಲಿನಲ್ಲಿ ಬರುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಿರುತ್ತಿದ್ದರು. ಮೊದಲ ದಿನವೇ ಪುಸ್ತಕ ಮುಚ್ಚಿಸಿ, ಈ ವರ್ಷ ವಿಜ್ಞಾನ ಓದೋದಲ್ಲ, ಮಾಡೋದು ಎಂದರು. ನಮಗೆ ಅಂಥದ್ದನ್ನು ಯಾರೂ ಹೇಳಿರಲಿಲ್ಲ. ಲೋಟದ ಮೇಲೆ ರಟ್ಟು ಮುಚ್ಚಿ ತಲೆಕೆಳಗು ಮಾಡಿ ನೀರು ಬೀಳದಂತೆ ತೋರಿಸಿದರು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಿಟಕಿಯಲ್ಲಿ ಇಟ್ಟರು. ಶಾಲೆಯ ಹಿಂದೆ ತೋಟ ಮಾಡುವುದೆಂದು ಹೇಳಿ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಹಾರೆ ಹಾಕಿದರೆ ಠಣ್ ಎಂದಿತು. ಅಲ್ಲಿ ಇದ್ದದ್ದು ಬರೀ ಜಲ್ಲಿ, ಇಟ್ಟಿಗೆ ಚೂರು. ಒಂದು ಮೂಲೆಯಲ್ಲಿ ಮಾತ್ರ ಬೇವಿನ ಎಲೆ ಉದುರಿ ಕೊಳೆತ ಸ್ವಲ್ಪ ಮಣ್ಣಿತ್ತು, ಅದು ಒಂದು ಪಾತಿಗಷ್ಟೇ ಸಾಲುತ್ತಿತ್ತು.

"ಯಾರ ಮನೇಲಾದ್ರೂ ಒಂದಿಷ್ಟು ಒಳ್ಳೆ ಮಣ್ಣು ಸಿಗುತ್ತಾ ಕೇಳ್ಕೊಂಡು ಬನ್ರೋ" ಎಂದರು ಟೀಚರ್.

ಕ್ವಾರ್ಟರ್ಸಿನ ಮಕ್ಕಳನ್ನು ಮಣ್ಣು ಕೇಳುವುದೆಂದರೆ ಬೋಳನ ಹತ್ತಿರ ಬಾಚಣಿಗೆ ಕೇಳಿದ ಹಾಗೆ. ಆದರೂ ನಾನು ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ಮಣ್ಣು ಬೇಕಂತಾ? ಒಳ್ಳೇ ಮಣ್ಣು?"

"ಹೂಂ. ತೋಟಕ್ಕೆ."

"ನಾನು ಕೊಡ್ತೀನಿ ಅಂತ ಹೇಳು ನಿಮ್ಮ ಟೀಚರ್‌ಗೆ. ಎರೆಮಣ್ಣಿನ ಹಾಗಿರೋದು. ನಮ್ಮ ಕಾರ್ಖಾನೆ ಹೊರಗೆ ಗುಡ್ಡೆ ಹಾಕಿದಾರೆ, ಹಳೇದು, ಯಾರು ಬೇಕಾದ್ರೂ ಒಯ್ಯಬಹುದು. ಮಳೆಗೆ ನೆನೆದು ಬೆಣ್ಣೆ ಆಗಿದೆ."

ಅಮ್ಮ ಸಾರು ಬಡಿಸುತ್ತಿದ್ದಳು. ಸೌಟು ಕೈಯಲ್ಲಿ ಹಿಡಿದು ಅವನ ಮುಖ ನೋಡಿದಳು. ನಾನು ಅವಳ ಬಾಯಿಂದ ಏನೋ ಬರುತ್ತದೆ ಎಂದು ಕಾದೆ. ಏನೂ ಬರಲಿಲ್ಲ. ಇನ್ನೊಂದು ಸೌಟು ಸಾರು ಹಾಕಿ, ತಿನ್ನಿ, ಆರೋಗುತ್ತೆ ಎಂದಳು.

ಬಾಷಾ ಸಾಬರು ಟ್ರಾಕ್ಟರ್ ಓಡಿಸುತ್ತಿದ್ದರು. ರಜೆಯ ದಿನ ಅಪ್ಪ ಅವರನ್ನು ಕಾಡಿ ಬೇಡಿ ಒಂದು ಟ್ರೇಲರ್ ತುಂಬಿಸಿಕೊಂಡು ಶಾಲೆಗೆ ತಂದ. ಟೀಚರನ್ನೂ ಅವತ್ತು ಬರಹೇಳಿದ್ದೆವು. ಅಪ್ಪ ಹಬ್ಬಕ್ಕೆ ಹಾಕುವ ಬಿಳಿ ಅಂಗಿ ತೊಟ್ಟಿದ್ದ. ಮಣ್ಣು ಇಳಿಸುವ ಕೆಲಸಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಟ್ರೇಲರ್ ಎತ್ತಿದಾಗ ಕಪ್ಪು ರಾಶಿ ಸುರ್ರೆಂದು ಬಿತ್ತು. ನೋಡಲು ನಿಜಕ್ಕೂ ಚೆನ್ನಾಗಿತ್ತು. ಬಾಷಾ ಸಾಬರು ಮಾತ್ರ ತಲೆ ಕೆರೆದುಕೊಂಡು, ಅರೆ ರಂಗಪ್ಪ, ಇದು ಗಾರ್ಡನ್‌ಗೆ ಆಗುತ್ತೇನ್ರಿ ಎಂದರು. ಅಪ್ಪ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕಿ, ನಿಧಾನಕ್ಕೆ ಅಂಗೈ ಬಿಚ್ಚಿದ. ಮುಷ್ಟಿಯ ಆಕಾರ ಹಾಗೇ ನಿಂತಿತ್ತು. ಬೆರಳಿನ ಗೆರೆಗಳೂ ಅದರ ಮೇಲೆ ಬಿದ್ದಿದ್ದವು. ಎರಡು ಕೈಯಲ್ಲಿ ಹಿಡಿದು ಮುರಿದ. ಬಿಸ್ಕತ್ತಿನಂತೆ ನೇರವಾಗಿ ಎರಡು ತುಂಡಾಯಿತು, ಒಂದು ಕಣ ಉದುರಲಿಲ್ಲ.

"ನೋಡಿ ಟೀಚರ್. ಮಣ್ಣಿಗೆ ಇದೇ ಪರೀಕ್ಷೆ. ಹಿಡಿ ನಿಂತ್ರೆ ಒಳ್ಳೇದು, ಉದುರಿದ್ರೆ ವೇಸ್ಟು."

ಅದು ಅಚ್ಚು ಮಾಡುವವರ ಪರೀಕ್ಷೆ. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಅವರೆಲ್ಲ ಮರಳನ್ನು ಹಾಗೇ ಹಿಸುಕಿ ನೋಡುತ್ತಿದ್ದರು. ವರ್ಷಾನುಗಟ್ಟಲೆ ಅದನ್ನೇ ಮಾಡಿದ ಕೈ ಅದು. ಪ್ರಪಂಚದ ಎಲ್ಲ ಮಣ್ಣಿಗೂ ಅದೇ ಪರೀಕ್ಷೆ ಎಂದು ಅವನು ನಂಬಿದ್ದ. ಟೀಚರ್ ಒಂದು ಚಿಟಿಕೆ ತೆಗೆದು ಮೂಸಿ ನೋಡಿದರು. ಅಪ್ಪನ ಬಿಳಿ ಅಂಗಿಯನ್ನೂ ನೋಡಿದರು. ತುಂಬ ಉಪಕಾರ ಆಯ್ತು ರಂಗಪ್ಪನವರೇ, ಎರಡು ಪಾತಿ ಮಾಡೋಣ, ಒಂದರಲ್ಲಿ ನಿಮ್ಮದು, ಒಂದರಲ್ಲಿ ಇಲ್ಲಿನದು, ಮಕ್ಕಳು ಎರಡನ್ನೂ ನೋಡಲಿ ಎಂದರು. ತನ್ನ ಮಣ್ಣಿಗೇ ಬೇರೆ ಪಾತಿ ಕೊಟ್ಟರಲ್ಲ ಎಂದು ಅಪ್ಪ ಮನೆಗೆ ಬಂದು ಅಮ್ಮನಿಗೆ ಎರಡೆರಡು ಸಲ ಹೇಳಿದ.

ಎರಡು ಪಾತಿಗೂ ಅಲಸಂದೆ ಬೀಜ ಹಾಕಿದೆವು. ಮೊದಲು ಮೊಳಕೆ ಬಂದದ್ದು ಅಪ್ಪನ ಪಾತಿಯಲ್ಲಿ! ಕಪ್ಪು ಮರಳು ಬಿಸಿಲಿಗೆ ಬೇಗ ಬೆಚ್ಚಗಾಗುತ್ತಿತ್ತು, ಬೀಜಗಳು ಒಂದೇ ಸಲಕ್ಕೆ ತಲೆ ಎತ್ತಿದವು. ಬೇವಿನ ಮರದ ಮಣ್ಣಿನ ಪಾತಿ ಇನ್ನೂ ಮಲಗಿತ್ತು. ನಾನು ಓಡಿ ಬಂದು ಹೇಳಿದೆ. ಅಪ್ಪ ಸೈಕಲ್ ಹತ್ತಿ ಶಾಲೆಗೆ ಬಂದು, ಪಾತಿಯ ಮುಂದೆ ಮಂಡಿಯೂರಿ ಕೂತು, ಒಂದೊಂದೇ ಮೊಳಕೆಯನ್ನು ಬೆರಳ ತುದಿಯಲ್ಲಿ ಮುಟ್ಟಿದ.

"ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ, ಗೊತ್ತೇನೇ?" ಎಂದ.

ಆ ಸಂಜೆಯೇ ಹಳ್ಳಿಯ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಹತ್ತಿರ ಅಣ್ಣನಿಗೆ ಹೇಳಿಕಳಿಸಿದ. ನಾಟಿ ಮುಗಿದ ಮೇಲೆ ಒಂದು ಭಾನುವಾರ ಬಾ, ಊಟಕ್ಕೆ ಇಲ್ಲೇ, ಒಂದು ತೋಟ ತೋರಿಸುತ್ತೇನೆ ಎಂದು. ಅಮ್ಮ ಕೇಳಿಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಕೋಣೆಯಲ್ಲಿ ಒಬ್ಬಳೇ ಗೊಣಗುವುದು ಕೇಳಿಸಿತು. ಇವರಿಗೆ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ, ಇನ್ನೊಂದು ತಿಂಗಳು ಕಾಯಬಾರದಾ.

ಆಮೇಲೆ ಅಪ್ಪನಿಗೆ ಓವರ್‌ಟೈಮ್ ಬಿತ್ತು. ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಶಾಲೆಯ ಕಡೆ ತಲೆ ಹಾಕಲು ಆಗಲಿಲ್ಲ. ಅಷ್ಟರಲ್ಲಿ ಪಾತಿಗಳು ತಮ್ಮ ಬುದ್ಧಿ ತೋರಿಸಿದವು. ಬೇವಿನ ಮಣ್ಣಿನ ಗಿಡಗಳು ತಡವಾಗಿ ಬಂದರೂ ಎಲೆ ಅಗಲ ಮಾಡಿಕೊಂಡು ಮೇಲೆ ಹೋದವು. ಕಪ್ಪು ಪಾತಿಯವು ಎರಡು ಎಲೆಗೇ ನಿಂತವು. ಮಳೆ ಬಂದರೆ ನೀರು ಮೇಲೇ ನಿಲ್ಲುತ್ತಿತ್ತು, ಬಿಸಿಲು ಬಂದರೆ ಮೇಲ್ಪದರ ಇಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ಎಲೆ ಹಳದಿಯಾಯಿತು, ಕಾಂಡ ದಾರದಂತೆ ಸಣ್ಣಗಾಯಿತು. ಟೀಚರ್ ನಮ್ಮನ್ನು ಸುತ್ತ ಕೂರಿಸಿ ಒಂದು ಬೀಜ ಸುಲಿದು ತೋರಿಸಿದರು.

"ನೋಡ್ರೋ, ಈ ಎರಡು ಬೇಳೆ ಇದೆಯಲ್ಲ, ಇದು ಬೀಜದ ಬುತ್ತಿ. ಹುಟ್ಟೋಕೆ ಮಣ್ಣಿನ ಊಟ ಬೇಡ, ಬುತ್ತಿ ಸಾಕು. ಬುತ್ತಿ ಖಾಲಿಯಾದ ಮೇಲೆ ಮಣ್ಣು ಅನ್ನ ಹಾಕ್ಬೇಕು. ಈ ಮಣ್ಣಲ್ಲಿ ಅನ್ನ ಇಲ್ಲ."

ಈ ಪಾಠವನ್ನು ನಾನು ನನ್ನ ಕ್ಲಾಸಿನ ಮಕ್ಕಳಿಗೆ ಎಷ್ಟೋ ವರ್ಷ ಅದೇ ಮಾತುಗಳಲ್ಲಿ ಮಾಡಿದ್ದೇನೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಆದರೆ ಅವತ್ತು ಅದು ನನಗೆ ಪಾಠವಾಗಿ ಕೇಳಿಸಲಿಲ್ಲ. ನನ್ನ ಅಪ್ಪನನ್ನು ಎಲ್ಲರೆದುರು ಬೈದ ಹಾಗೆ ಕೇಳಿಸಿತು. ಮನೆಗೆ ಬಂದು ಅಮ್ಮನ ಸೆರಗಿನಲ್ಲಿ ಮುಖ ಇಟ್ಟು ಅತ್ತೆ. ಅವಳು ಎಲ್ಲ ಕೇಳಿದಳು. ಆ ರಾತ್ರಿ ಅಪ್ಪ ಹಿತ್ತಲಲ್ಲಿ ಅಂಗಿ ಬಿಚ್ಚುತ್ತಾ, ಎಷ್ಟುದ್ದ ಬಂತೇ ಗಿಡ ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು, ಚೆನ್ನಾಗಿ ಬರ್ತಿದೆಯಂತೆ, ನೀವು ಸ್ನಾನ ಮಾಡಿ ಎಂದುಬಿಟ್ಟಳು. ದಿನಾ ಅವನು ಕೇಳುವುದು, ದಿನಾ ಅವಳು ಹಾಗೇ ಹೇಳುವುದು. ಉಪ್ಪು ಕಡಿಮೆ ಎಂದಿದ್ದಕ್ಕೆ ಊರು ಒಂದು ಮಾಡುವ ಹೆಂಗಸು ಅಷ್ಟು ಮೆತ್ತಗೆ ಸುಳ್ಳು ಹೇಳಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ದೊಡ್ಡಪ್ಪ ಬರುವುದು ಬರುವ ಭಾನುವಾರವೇ ಎಂದು ಖಚಿತವಾದ ಮೇಲೆ ಅಮ್ಮ ಬಾಷಾ ಸಾಬರ ಮನೆಯಿಂದ ಒಂದು ಬುಟ್ಟಿ ಒಣಗಿದ ಆಡಿನ ಹಿಕ್ಕೆ ಕೇಳಿ ತಂದಳು. ಅವರ ಮನೆಯಲ್ಲಿ ಆಡು ಸಾಕಿದ್ದರು. ನನ್ನ ಕೈ ಹಿಡಿದುಕೊಂಡು, ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಶಾಲೆಗೆ ಬಂದಳು. ಅಲ್ಲಿಯವರೆಗೆ ಅವಳು ಶಾಲೆಯ ಒಳಗೆ ಬಂದದ್ದೇ ಇಲ್ಲ. ಕಪ್ಪು ಪಾತಿಯ ಪಕ್ಕ ಬುಟ್ಟಿ ಇಳಿಸಿ ಕೈ ಹಾಕಬೇಕು, ಅಷ್ಟರಲ್ಲಿ ಟೀಚರ್ ಬಂದರು.

"ಅಮ್ಮಾ, ಅದಕ್ಕೆ ಏನೂ ಹಾಕ್ಬೇಡಿ. ಮಕ್ಕಳು ಏನಾಗುತ್ತೆ ಅಂತ ನೋಡ್ತಾ ಇದಾರೆ."

"ಮಕ್ಳು ನೋಡೋದು ಸರಿ ಟೀಚರ್. ಭಾನುವಾರ ಅವ್ರು ನೋಡ್ತಾರಲ್ಲ."

ಅವ್ರು ಎಂದರೆ ಅಪ್ಪ ಎಂದು ಟೀಚರಿಗೆ ತಿಳಿಯಿತು. ಸೆರಗಿನ ತುದಿಯಿಂದ ಕತ್ತು ಒರೆಸಿಕೊಂಡರು.

"ನಂಗೂ ಬೇಜಾರಿದೆ ಅಮ್ಮ. ಅವತ್ತು ಅವರ ಮುಖ ನೋಡಿ ನಾನೂ ಹೇಳಕ್ಕಾಗ್ದೆ ಎರಡು ಪಾತಿ ಅಂದೆ. ಈಗ ಇದಕ್ಕೆ ಗೊಬ್ಬರ ಹಾಕಿ, ನೋಡ್ರೋ ಚೆನ್ನಾಗಿ ಬಂತು ಅಂತ ಅಂದ್ರೆ, ಇಷ್ಟು ಮಕ್ಕಳಿಗೆ ಸುಳ್ಳು ಹೇಳ್ದಂಗೆ ಆಗುತ್ತೆ. ಅದೊಂದು ನನ್ನ ಕೈಲಿ ಆಗಲ್ಲ."

ಅಮ್ಮ ವಾದ ಮಾಡಲಿಲ್ಲ. ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಮನೆಗೆ ಬಂದು ಆ ಬುಟ್ಟಿಯನ್ನು ಬಾಷಾ ಸಾಬರ ಮನೆಯ ಗೋಡೆಯ ಪಕ್ಕ ಇಟ್ಟು, ಹೊಸಿಲ ಮೇಲೆ ಕೂತುಬಿಟ್ಟಳು. ಅವಳಿಗೆ ಆಗ ಮೂವತ್ತು ದಾಟಿತ್ತೋ ಇಲ್ಲವೋ, ಮುದುಕಿಯ ಹಾಗೆ ಕೂತಿದ್ದಳು. ನಾನು ಟೀಚರಾಗಿ ಇಷ್ಟು ವರ್ಷವಾಯಿತು. ಅಂಥ ಒಬ್ಬ ಹೆಂಗಸು ಬುಟ್ಟಿ ಹೊತ್ತು ನನ್ನ ಶಾಲೆಗೆ ಬಂದರೆ ಏನು ಮಾಡುತ್ತೇನೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬುಟ್ಟಿ ಇಸಿದುಕೊಂಡು ನಾನೇ ಪಾತಿಗೆ ಸುರಿಯುತ್ತೇನೆ. ಅದಕ್ಕೇ ನಾನು ವನಜಾಕ್ಷಿ ಟೀಚರಷ್ಟು ಒಳ್ಳೆಯ ಟೀಚರ್ ಆಗಲಿಲ್ಲ.

ಭಾನುವಾರ ದೊಡ್ಡಪ್ಪ ಬಂದರು. ಅಮ್ಮ ಬೆಳಿಗ್ಗೆಯಿಂದ ಒಬ್ಬಟ್ಟು ತಟ್ಟಿದಳು, ಚಿತ್ರಾನ್ನ ಮಾಡಿದಳು, ಮತ್ತೆ ಮತ್ತೆ ಬಡಿಸಿದಳು. ಊಟ ಎಳೆದಷ್ಟೂ ಒಳ್ಳೆಯದು, ಮಳೆ ಬಂದರೆ ಇನ್ನೂ ಒಳ್ಳೆಯದು ಎಂದು ಅವಳ ಲೆಕ್ಕಾಚಾರ ಇದ್ದಿರಬೇಕು. ಬೇಡದ ದಿನವೆಲ್ಲ ಸುರಿದ ಮಳೆ ಅವತ್ತು ಬರಲಿಲ್ಲ. ಅಪ್ಪ ಎಲೆ ಅಡಿಕೆಯನ್ನೂ ಪೂರ್ತಿ ಹಾಕಿಕೊಳ್ಳಲು ಬಿಡದೆ ಅಣ್ಣನನ್ನು ಎಬ್ಬಿಸಿದ. ನಾನೂ ಹಿಂದೆ ಹೋದೆ. ಶಾಲೆಯ ಗೇಟು ಬರೀ ಚಿಲಕ ಹಾಕಿತ್ತು. ಅಪ್ಪ ಮುಂದೆ, ದೊಡ್ಡಪ್ಪ ಹಿಂದೆ. ಕಟ್ಟಡದ ಮೂಲೆ ತಿರುಗಿದಾಗ ಅಪ್ಪನ ಕಾಲು ನಿಂತಿತು.

ಒಂದು ಪಾತಿಯಲ್ಲಿ ಅಲಸಂದೆ ಬಳ್ಳಿ ಕೋಲು ಹಿಡಿದು ಹತ್ತುತ್ತಿತ್ತು. ಪಕ್ಕದ ಪಾತಿಯಲ್ಲಿ ಕಪ್ಪು ನೆಲ, ಅದರ ಮೇಲೆ ಅಲ್ಲಲ್ಲಿ ಒಣಗಿದ ದಾರಗಳು. ಅಪ್ಪ ಬಗ್ಗಿ ಒಂದು ಹಿಡಿ ತೆಗೆಯಲು ಹೋದ. ಮೇಲ್ಪದರ ಗಟ್ಟಿಯಾಗಿತ್ತು, ಉಗುರಲ್ಲಿ ಕೆರೆಯಬೇಕಾಯಿತು. ದೊಡ್ಡಪ್ಪ ಒಂದು ಕ್ಷಣ ಎರಡನ್ನೂ ನೋಡಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ.

"ಲೋ ರಂಗಾ! ಇದು ಮಣ್ಣಲ್ಲ ಕಣೋ, ಒಲೆ ಮಸಿ! ಮಸಿಗೆ ಬೀಜ ಹಾಕಿದ್ಯಲ್ಲೋ ಮಾರಾಯ, ಇದನ್ನ ತೋರ್ಸಕ್ಕೆ ನನ್ನ ಅಷ್ಟು ದೂರದಿಂದ ಕರೆಸಿದ್ಯಾ?"

ಅವರು ಎದುರಿನ ಕಟ್ಟೆಗೆ ಒರಗಿ ಕಣ್ಣೊರೆಸಿಕೊಂಡು ನಕ್ಕರು. ಅವರಿಗೆ ಅದು ಬರೀ ತಮಾಷೆ. ಅಪ್ಪ ಈ ಸಲ ಜೊತೆಗೆ ನಗಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅಪ್ಪ ಮುಂಬಾಗಿಲಲ್ಲೇ ಒಳಗೆ ಬಂದು ಗೋಡೆಗೆ ಒರಗಿ ಕೂತ. ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಬಂದು ಎದುರಿಗೆ ಕೂತಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲಿಂದ. ನಾನು ದಿನಾ ನಿಮ್ಮ ಅಂಗಿ ಒದರೋ ಮೂಲೇಲಿ ಹುಲ್ಲು ಕೂಡ ಹುಟ್ಟಲ್ಲ ಕಣ್ರೀ. ನಿಮ್ಮ ಕರಿಬೇವು ಹೋಗಿದ್ದೂ ಅದಕ್ಕೇ."

ಅಪ್ಪ ತಲೆ ಎತ್ತಿದ.

"ಮತ್ತೆ ಯಾಕೆ ಹೇಳ್ಲಿಲ್ಲ? ಎಲ್ಲಾದಕ್ಕೂ ಬಾಯಿ ಮಾಡ್ತೀಯಲ್ಲ, ಇದಕ್ಕೆ ಯಾಕೆ ಮಾಡ್ಲಿಲ್ಲ?"

ಅಮ್ಮ ಬಳೆಯನ್ನು ಮೇಲೆ ಕೆಳಗೆ ಸರಿಸುತ್ತಾ ಕೂತಳು.

"ಅವತ್ತು ಮಣ್ಣು ನಾನು ಕೊಡ್ತೀನಿ ಅಂತ ನೀವು ಅಂದಾಗ ನಿಮ್ಮ ಮುಖ ಹೆಂಗಿತ್ತು ಅಂತ ನಿಮಗೆ ಗೊತ್ತಿಲ್ಲ. ಮದುವೆಯಾದಾಗಿಂದ ನಾನು ಆ ಮುಖ ನೋಡಿರಲಿಲ್ಲ."

ಅವತ್ತಿನಿಂದ ಅಪ್ಪ ಗಿಡದ ಮಾತು ಎತ್ತಲಿಲ್ಲ. ಬೇಸರಕ್ಕೆ ಕುಡಿಯುವ ಗಂಡಸರಿದ್ದರು, ಹೊಡೆಯುವವರಿದ್ದರು, ಅವನು ಏನೂ ಮಾಡಲಿಲ್ಲ. ಬರೀ ದಣಿದ. ಕೆಲಸದಿಂದ ಬಂದು ಸ್ನಾನ ಮಾಡಿ ಉಂಡು ಮಲಗುತ್ತಿದ್ದ. ಕಪ್ಪು ಮರಳನ್ನು ವಾಪಸ್ ಒಯ್ಯುತ್ತೇನೆ ಎಂದು ಟೀಚರಿಗೆ ನನ್ನ ಹತ್ತಿರ ಹೇಳಿಕಳಿಸಿದ್ದ. ಅವರು ಬೇಡವೆಂದರು. ಮುಂದಿನ ವರ್ಷದ ಮಕ್ಕಳೂ ನೋಡಬೇಕು, ಇದಕ್ಕಿಂತ ಒಳ್ಳೆ ಪಾಠ ನನ್ನ ಹತ್ತಿರ ಇಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಅದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಹೂಂ ಎಂದದ್ದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ವರ್ಷವಿಡೀ ಆ ಕಪ್ಪು ಪಾತಿ ಅಲ್ಲೇ ಬಿದ್ದಿತ್ತು. ಬಿಡುವಿನ ಹೊತ್ತು ನಾನು ಆ ಕಡೆ ಹೋಗುತ್ತಲೇ ಇರಲಿಲ್ಲ.

ಮರು ಜೂನ್ ಬಂತು. ನಾನು ಐದನೇ ಕ್ಲಾಸು. ಶಾಲೆ ಶುರುವಾದ ವಾರ, ಜಿಟಿಜಿಟಿ ಮಳೆ, ಅಪ್ಪನಿಗೆ ಮಧ್ಯಾಹ್ನದ ಶಿಫ್ಟು. ಸೈಕಲ್ಲಿನ ಮುಂದೆ ಕೂರಿಸಿಕೊಂಡು ನನ್ನನ್ನು ಶಾಲೆಗೆ ಬಿಡಲು ಬಂದ. ಗೇಟಿನ ಹತ್ತಿರ ಇಳಿಯುವಾಗ ಶಾಲೆಯ ಹಿಂದಿನಿಂದ ವನಜಾಕ್ಷಿ ಟೀಚರ ದನಿ ಕೇಳಿಸಿತು. ಹೊಸ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಪಾತಿಗಳ ಸುತ್ತ ನಿಲ್ಲಿಸಿಕೊಂಡಿದ್ದರು.

"ಈ ಕಪ್ಪು ಮಣ್ಣನ್ನ ಕೈಲಿ ತಗೊಂಡು ನೋಡ್ರೋ. ಇದರಲ್ಲಿ ಗಿಡ ಯಾಕೆ ಸತ್ತು ಹೋಯ್ತು, ಯಾರು ಹೇಳ್ತೀರಿ?"

ಅಪ್ಪ ಸೈಕಲ್ ಹ್ಯಾಂಡಲ್ ಹಿಡಿದು ನಿಂತಿದ್ದ. ನೀನು ಹೋಗಪ್ಪ, ಹೊತ್ತಾಯಿತು ಎಂದೆ. ಅವನು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಚಪ್ಪಲಿಯ ಕೆಸರನ್ನು ಕಲ್ಲಿಗೆ ಒರೆಸಿ, ಒಳಗೆ ಹೋದ. ನಾನೂ ಹಿಂದೆ ಓಡಿದೆ.

"ಟೀಚರ್, ಅದನ್ನ ತಂದಿದ್ದು ನಾನು" ಎಂದ. "ನಾನೇ ಹೇಳ್ಲಾ?"

ಟೀಚರ್ ಪಕ್ಕಕ್ಕೆ ಸರಿದರು. ಅಪ್ಪ ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತು ಮಳೆಗೆ ನೆನೆದ ಮರಳನ್ನು ಒಂದು ಹಿಡಿ ತೆಗೆದು ಹಿಸುಕಿ, ಅಂಗೈ ಬಿಚ್ಚಿದ. ಮಕ್ಕಳು ಬಗ್ಗಿ ನೋಡಿದರು.

"ಹಿಡಿ ಹೆಂಗೆ ನಿಂತಿದೆ ನೋಡ್ರಪ್ಪ.. ಅದಕ್ಕೇ ಇದು ಒಳ್ಳೇ ಮಣ್ಣು ಅಂತ ಅನ್ಕೊಂಡೆ. ಕಾರ್ಖಾನೇಲಿ ನಾನು ಇದರಲ್ಲಿ ಅಚ್ಚು ಮಾಡ್ತೀನಿ, ಅಚ್ಚಿಗೆ ಕಬ್ಬಿಣದ ನೀರು ಹುಯ್ತೀವಿ. ಹುಯ್ಯುವಾಗ ಮರಳು ಅಲ್ಲಾಡಬಾರದು. ಕಬ್ಬಿಣಕ್ಕೆ ಹಿಡಿ ನಿಲ್ಬೇಕು. ಬೀಜಕ್ಕೆ ಹಂಗಲ್ಲ, ಬೇರು ಹೋಗಕ್ಕೆ ಮಣ್ಣು ದಾರಿ ಬಿಡ್ಬೇಕು. ಇದು ಬಿಡಲ್ಲ. ನಂಗೆ ಅದು ಗೊತ್ತಿರಲಿಲ್ಲ."

ಒಬ್ಬಳು ಪುಟ್ಟ ಹುಡುಗಿ ಕೇಳಿದಳು.

"ಹಂಗಾದ್ರೆ ಇದು ಕೆಟ್ಟ ಮಣ್ಣಾ?"

ಅಪ್ಪ ಅಂಗೈಯಲ್ಲಿದ್ದದ್ದನ್ನು ನೋಡಿಕೊಂಡ.

"ಕೆಟ್ಟದ್ದಲ್ಲ ಮಗಾ. ಎಷ್ಟು ಸಲ ಬೆಂಕಿ ಕಂಡಿದೆಯೋ ಏನೋ. ಸುಸ್ತಾಗಿದೆ ಅಷ್ಟೆ."

ಮಕ್ಕಳು ಒಬ್ಬೊಬ್ಬರಾಗಿ ಮರಳನ್ನು ಹಿಸುಕಿ ಹಿಡಿ ನಿಲ್ಲಿಸಿ ನೋಡಿದರು. ಆಮೇಲೆ ಪಕ್ಕದ ಪಾತಿಯ ಮಣ್ಣನ್ನೂ ಹಿಸುಕಿದರು. ಅದು ಬೆರಳ ಸಂದಿಯಿಂದ ಉದುರಿತು. ಅಪ್ಪನೂ ಅದನ್ನು ಹಿಸುಕಿ, ಉದುರುವುದನ್ನು ಕೊನೆಯ ಕಣದವರೆಗೂ ನೋಡಿದ. ಗಂಟೆ ಹೊಡೆಯಿತು. ನಾನು ಕ್ಲಾಸಿಗೆ ಓಡಿದೆ.

ಅವತ್ತು ಅವನು ಶಿಫ್ಟು ಮುಗಿಸಿ ಬರುವ ಹೊತ್ತಿಗೆ ನಾನು ಮಲಗಿದ್ದೆ, ನಿದ್ದೆ ಬಂದಿರಲಿಲ್ಲ. ಬಚ್ಚಲಿನ ನೀರಿನ ಸದ್ದು ಕೇಳಿಸಿತು, ತಟ್ಟೆ ಇಡುವ ಸದ್ದು ಕೇಳಿಸಿತು. ಅಪ್ಪ ಸ್ವಲ್ಪ ಹೊತ್ತು ಉಂಡ.

"ಇವತ್ತು ಶಾಲೇಲಿ ಪಾಠ ಮಾಡ್ದೆ ಕಣೇ."

"ನೀವಾ? ಏನು ಪಾಠ?"

"ನನ್ನ ಮಣ್ಣಲ್ಲಿ ಯಾಕೆ ಏನೂ ಬೆಳೀಲಿಲ್ಲ ಅಂತ."

ಅಮ್ಮ ಏನಾದರೂ ಅನ್ನುತ್ತಾಳೆ ಎಂದು ನಾನು ಹೊದಿಕೆಯೊಳಗೆ ಉಸಿರು ಹಿಡಿದೆ. ಅವಳು ಮೆತ್ತಗೆ ಕೇಳಿದಳು.

"ಮಕ್ಳು ಏನಂದ್ರು?"

"ಕೇಳಿದ್ರು" ಎಂದ ಅಪ್ಪ. "ಅಷ್ಟು ಮಕ್ಳಿದ್ರು, ಒಬ್ಬರೂ ನಗ್ಲಿಲ್ಲ."